ಹಗೇವಿನ ಬಾಯಿ

ನಂಜನಗೂಡಿನಿಂದ ಟಿ. ನರಸೀಪುರದ ಕಡೆಗೆ ಹೊರಟರೆ ಎರಡು ತುದಿಯಲ್ಲೂ ನೋಡಬೇಕಾದ್ದು ಬೇಕಾದಷ್ಟಿದೆ. ಈ ಕಡೆ ಶ್ರೀಕಂಠೇಶ್ವರನ ಗುಡಿ, ಕಪಿಲೆಯ ಮೇಲೆ 1735ರ ಹಳೇ ಸೇತುವೆ. ಆ ಕಡೆ ಕಪಿಲೆ ಕಾವೇರಿಯನ್ನು ಕೂಡುವ ಸಂಗಮ, ಇನ್ನೂ ಮುಂದಕ್ಕೆ ಮರಳು ಹೊದ್ದ ತಲಕಾಡು, 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಸೋಮನಾಥಪುರ. ಇವುಗಳ ನಡುವೆ ಎಲ್ಲೋ ಇರುವ ಒಂದು ಊರಿಗೆ ನಾನು ಹೋದದ್ದು ಬೀದಿಯಲ್ಲಿ ಹಾಸಿದ್ದ ಒಂದು ಚಪ್ಪಡಿಯನ್ನು ನೋಡಲು. ಅದರ ಮೇಲೆ ಒಂದು ಮೊಪೆಡ್ ನಿಂತಿತ್ತು, ಪಕ್ಕದಲ್ಲಿ ಯಾರೋ ಒಗೆದ ಬಟ್ಟೆ ಹರವಿದ್ದರು. ಚಪ್ಪಡಿಯ ಕೆಳಗಿರುವುದು ಹಗೇವು.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಹಗೇವು ಎಂದರೆ ದವಸ ಕೂಡಿಡುವ ನೆಲದೊಳಗಿನ ಕಣಜ. ಉತ್ತರ ಕರ್ನಾಟಕದಲ್ಲಿ ಜೋಳದ ಹಗೆ, ಈ ಕಡೆ ರಾಗಿಯ ಹಗೇವು. ಊರಿನ ಎತ್ತರದ, ಗಟ್ಟಿ ಮಣ್ಣಿನ ಜಾಗ ನೋಡಿ ತೋಡುತ್ತಾರೆ. ಬಾಯಿ ಒಬ್ಬ ಮನುಷ್ಯ ಮೈ ಹಿಡಿ ಮಾಡಿಕೊಂಡು ಇಳಿಯುವಷ್ಟು ಮಾತ್ರ. ಒಳಗೆ ಇಳಿದಂತೆ ಗುಡಾಣದ ಹೊಟ್ಟೆಯ ಹಾಗೆ ಅಗಲವಾಗುತ್ತದೆ. ಗೋಡೆಗೆ ಹುಲ್ಲು ಒತ್ತಿ, ರಾಗಿ ತುಂಬಿ, ಮೇಲೆ ಮತ್ತೆ ಹುಲ್ಲು ಹಾಸಿ, ಕಲ್ಲು ಮುಚ್ಚಿ, ಸಂದಿಗೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಅದರ ಗೊಡವೆಗೆ ಹೋಗಬೇಕಾಗಿಲ್ಲ.

ಏಳೆಂಟು ವರ್ಷದ ಹಿಂದೆ ನಾನೇ ಇದರ ಮೇಲೊಂದು ಲೇಖನ ಬರೆದಿದ್ದೆ. ಅದರಲ್ಲಿ ಇರಬೇಕಾದದ್ದೆಲ್ಲ ಇತ್ತು: ಪೂರ್ವಿಕರ ಜಾಣ್ಮೆ, ಕರೆಂಟು ಬೇಡದ ತಂಪು, ವಿಷ ಬೇಡದ ಕೀಟ ನಿಯಂತ್ರಣ, ನಾವು ಕಳೆದುಕೊಂಡ ಸ್ವಾವಲಂಬನೆ. ಇಂಥ ಬರಹಗಳು ಕನ್ನಡದಲ್ಲಿ ಈಗ ಒಂದು ಪ್ರಕಾರವೇ ಆಗಿವೆ. ಒನಕೆ, ಬೀಸುಕಲ್ಲು, ಕಪಿಲೆ ಬಾವಿ, ಹಗೇವು. ಒಂದೊಂದರ ಬಗ್ಗೆಯೂ ಒಂದೇ ದನಿಯಲ್ಲಿ ಬರೆಯಬಹುದು. ಆ ಲೇಖನ ಬಂದ ಮೇಲೆ, ನನಗೆ ಮೊದಲು ಹಗೇವು ತೋರಿಸಿದ ಹಿರಿಯರೊಬ್ಬರು ಸಿಕ್ಕಾಗ ಅದನ್ನು ಓದಿಸಿ ಕೇಳಿದೆನೆಂದು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಗೇವು ಹೆಂಗಿತ್ತು ಅಂತ ಕೇಳುದ್ರಿ, ಹೇಳ್ದಿ. ಯಾರ್ದು ಅಂತ ಕೇಳ್ನಿಲ್ಲ ಕನಿ’ ಅಂದರು. ಅವರ ಅಪ್ಪ ಆ ಮನೆಯ ಜೀತದಾಳು. ಹಗೇವಿಗೆ ಇಳಿಯುತ್ತಿದ್ದವರು ಅವರು.

ಈ ಬರಹ ಆ ಮಾತಿಗೆ ಕೊಡಬೇಕಾಗಿದ್ದ ಉತ್ತರ. ತಡವಾಗಿದೆ.

ಮೊದಲು ಜಾಣ್ಮೆಯ ವಿಷಯವನ್ನೇ ತೆಗೆದುಕೊಳ್ಳೋಣ, ಯಾಕೆಂದರೆ ಅದು ಸುಳ್ಳಲ್ಲ. ಇಂಗ್ಲೆಂಡಿನ ಬಟ್ಸರ್ ಎಂಬಲ್ಲಿ ಪೀಟರ್ ರೆನಾಲ್ಡ್ಸ್ ಎಂಬ ಪುರಾತತ್ತ್ವಜ್ಞರು 1970ರ ದಶಕದಿಂದ ಹಳೇ ಕಾಲದ ಧಾನ್ಯದ ಗುಂಡಿಗಳನ್ನು ಮತ್ತೆ ತೋಡಿ, ತುಂಬಿ, ಮುಚ್ಚಿ ಪರೀಕ್ಷೆ ಮಾಡುತ್ತಾ ಬಂದರು. ಗೋಡೆಗೆ ತಾಗಿದ ಒಂದು ಪದರ ಕಾಳು ತೇವಕ್ಕೆ ಮೊಳೆಯಲು ತೊಡಗುತ್ತದೆ. ಹಾಗೆ ಮೊಳೆಯುತ್ತಾ ಒಳಗಿನ ಆಮ್ಲಜನಕವನ್ನು ಉಸಿರಾಡಿ ಮುಗಿಸಿ ಇಂಗಾಲದ ಡೈಆಕ್ಸೈಡನ್ನು ತುಂಬಿಬಿಡುತ್ತದೆ. ಆಮೇಲೆ ಮೊಳಕೆಯೂ ನಿಲ್ಲುತ್ತದೆ, ಹುಳವೂ ಬದುಕುವುದಿಲ್ಲ. ಅಂಚಿನ ಒಂದಿಷ್ಟು ಕಾಳು ಕೆಟ್ಟು ನಡುವಿನ ರಾಶಿಯನ್ನು ಉಳಿಸುತ್ತದೆ. ನಮ್ಮ ಹಗೇವಿನಲ್ಲಿ ನಡೆಯುವುದೂ ಇದೇ. ಅದರಲ್ಲೂ ರಾಗಿ ಸಣ್ಣ ಕಾಳು, ಗಟ್ಟಿ ಸಿಪ್ಪೆ. ಹುಳ ಹಿಡಿಯುವುದೇ ಅಪರೂಪ. ಹಗೇವಿನ ರಾಗಿಗೆ ಒಂದು ಮುಗ್ಗಲು ವಾಸನೆ ಬರುತ್ತದೆ, ಮುದ್ದೆಯಲ್ಲೂ ಅದು ಹೋಗುವುದಿಲ್ಲ. ಅದನ್ನು ಇಷ್ಟಪಟ್ಟು ತಿನ್ನುತ್ತಿದ್ದವರೂ ಇದ್ದರು.

ಇದೇ ವಿನ್ಯಾಸ ಬೇರೆಯೊಂದು ಕೆಲಸಕ್ಕೂ ಬಳಕೆಯಾಗಿತ್ತು. ಇಂಗ್ಲೆಂಡಿನ ಜಮೀನ್ದಾರರ ಹಳ್ಳಿಬಂಗಲೆಗಳ ತೋಟದ ಮೂಲೆಯಲ್ಲಿ ಇಟ್ಟಿಗೆ ಕಟ್ಟಿದ ಮೊಟ್ಟೆಯಾಕಾರದ ಗುಂಡಿಗಳಿರುತ್ತಿದ್ದವು, ಮಂಜುಗಡ್ಡೆಯ ಮನೆಗಳು. ಚಳಿಗಾಲದಲ್ಲಿ ಕೆರೆಯ ಮೇಲಿನ ಗಡ್ಡೆಯನ್ನು ಒಡೆದು ಹುಲ್ಲು ಸುತ್ತಿ ತುಂಬಿದರೆ ಬೇಸಿಗೆಯ ಔತಣಕ್ಕೆ ತಣ್ಣನೆಯ ಪಾನೀಯ. ಈ ಗೀಳು ನಮ್ಮ ಕಡೆಗೂ ಬಂತು. ಅಮೆರಿಕದ ಫ್ರೆಡೆರಿಕ್ ಟ್ಯೂಡರನ ಹಡಗು ಬಾಸ್ಟನ್ನಿನಿಂದ ಮಂಜುಗಡ್ಡೆ ಹೊತ್ತು 1833ರಲ್ಲಿ ಕಲಕತ್ತೆ ಮುಟ್ಟಿತು; 1842ರಲ್ಲಿ ಮದ್ರಾಸಿನ ಕಡಲ ದಡದಲ್ಲಿ ಐಸ್ ಹೌಸ್ ಎದ್ದಿತು. ಸಣ್ಣ ಬಾಯಿ ಅಥವಾ ದಪ್ಪ ಗೋಡೆ, ಹುಲ್ಲು ಇಲ್ಲವೇ ಮರದ ಹೊಟ್ಟು, ಗಾಳಿಗೆ ತಡೆ. ತಂತ್ರ ಒಂದೇ ಕುಲದ್ದು. ಒಂದು ಹಸಿವನ್ನು ಮುಂದೂಡುತ್ತದೆ, ಇನ್ನೊಂದು ಸೆಕೆಯನ್ನು. ಮದ್ರಾಸಿನ ಆ ಕಟ್ಟಡ ಇವತ್ತಿಗೂ ಉಳಿದಿದೆ, ಆದರೆ ಮಂಜುಗಡ್ಡೆಯ ಕಾರಣಕ್ಕಲ್ಲ. 1897ರಲ್ಲಿ ವಿವೇಕಾನಂದರು ಅಲ್ಲಿ ತಂಗಿದ್ದರು ಎಂಬ ಕಾರಣಕ್ಕೆ. ಉಗ್ರಾಣಗಳು ಉಗ್ರಾಣವಾಗಿಯೇ ಸ್ಮಾರಕವಾಗುವುದು ಅಪರೂಪ. ಬೇರೊಂದು ಕಥೆ ಒಳಹೊಕ್ಕರೆ ಬದುಕಿಕೊಳ್ಳುತ್ತವೆ.

ಹಾಗಾದರೆ ಹಗೇವಿನೊಳಗೆ ಹೊಕ್ಕ ಕನ್ನಡದ ಕಥೆ ಯಾವುದು? ನನಗೆ ಮೊದಲು ನೆನಪಾಗುವುದು ಹೆಸರಿನಲ್ಲಿ ಹಗೇವು ಇಲ್ಲದ ಒಂದು ಕಾವ್ಯ: ಕನಕದಾಸರ ‘ರಾಮಧಾನ್ಯ ಚರಿತೆ’. ಕಥೆ ಎಲ್ಲರಿಗೂ ಗೊತ್ತು. ಲಂಕೆಯಿಂದ ಮರಳುವ ದಾರಿಯಲ್ಲಿ ರಾಮ ಋಷಿಗಳ ಆಶ್ರಮದಲ್ಲಿ ತಂಗಿದಾಗ ಧಾನ್ಯಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ಏಳುತ್ತದೆ. ನರೆದಲೆಗ, ಅಂದರೆ ರಾಗಿ, ಮೇಲು ಎಂದಾಗ ಭತ್ತಕ್ಕೆ ಸಿಟ್ಟು ಬರುತ್ತದೆ. ಬೈದಾಟ ಜೋರಾಗುತ್ತದೆ. ಭತ್ತ ರಾಗಿಯ ಕುಲವನ್ನು ಎತ್ತಿ ಆಡುತ್ತದೆ. ಭತ್ತ ಉಳ್ಳವರ ಜೊತೆ ಮಾತ್ರ ಇರುವುದು, ಬಡವರನ್ನು ಕಣ್ಣೆತ್ತಿಯೂ ನೋಡದಿರುವುದನ್ನು ರಾಗಿ ಹೇಳುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತೆಗೆಸಿದಾಗ ಭತ್ತ ಕಂದಿ ಕುಂದಿದೆ, ರಾಗಿ ಹಾಗೇ ಇದೆ. ರಾಮ ತನ್ನ ಹೆಸರನ್ನೇ ಅದಕ್ಕೆ ಕೊಟ್ಟು ರಾಘವ ಎಂದು ಕರೆಯುತ್ತಾನೆ.

ಇದನ್ನು ವರ್ಗ ಮತ್ತು ಜಾತಿಯ ವಾಗ್ವಾದವಾಗಿ ಓದುವುದು ರೂಢಿ, ಆ ಓದು ಸರಿಯೂ ಹೌದು. ಆದರೆ ತೀರ್ಪು ಯಾವ ಆಧಾರದ ಮೇಲೆ ಬಂತು ಎಂಬುದನ್ನು ನಾವು ಸಾಕಷ್ಟು ನಿಂತು ನೋಡಿಲ್ಲ ಅನ್ನಿಸುತ್ತದೆ. ವಾದದಲ್ಲಿ ಯಾರೂ ಗೆಲ್ಲಲಿಲ್ಲ. ಋಷಿಗಳ ಮಾತಿಗೆ ಬೆಲೆ ಇರಲಿಲ್ಲ. ಗೆಲುವನ್ನು ತೀರ್ಮಾನಿಸಿದ್ದು ಕತ್ತಲ ಕೋಣೆಯಲ್ಲಿ ಕಳೆದ ಆರು ತಿಂಗಳು. ಆ ಸೆರೆಮನೆ ನನ್ನ ಕಣ್ಣಿಗೆ ಹಗೇವಾಗಿಯೇ ಕಾಣುತ್ತದೆ. ಒಣಬೇಸಾಯದ ರೈತ ತನ್ನ ಕಾಳನ್ನು ಪರೀಕ್ಷೆ ಮಾಡುವ ಕ್ರಮವೇ ಅದು: ರುಚಿಯಲ್ಲ, ಬಣ್ಣವಲ್ಲ, ಮುಂದಿನ ಮಳೆಯವರೆಗೆ ತಾಳುತ್ತದೋ ಇಲ್ಲವೋ. ಅಷ್ಟು ದೊಡ್ಡ ಶಾಸ್ತ್ರೀಯ ಪರಂಪರೆಯ ನಡುವೆ ನಿಂತು ಶ್ರೇಷ್ಠತೆಯನ್ನು ಕಣಜದ ಗುಣದಿಂದ ಅಳೆದ ಕವಿ ಕನಕದಾಸರು. ಆ ಧೈರ್ಯಕ್ಕೆ ತಲೆಬಾಗಬೇಕು.

ತಲೆಬಾಗಿದ ಮೇಲೂ ಒಂದು ತಕರಾರು ಉಳಿಯುತ್ತದೆ. ರಾಗಿ ಗೆದ್ದದ್ದು ಸಹಿಸಿದ್ದರಿಂದ. ಗಾಳಿ ಇಲ್ಲ, ಬೆಳಕಿಲ್ಲ, ತಾನು ಮಾಡಿದ ತಪ್ಪೂ ಇಲ್ಲ. ಆದರೂ ಹಾಕಿದಲ್ಲಿ ಬಿದ್ದಿದ್ದು ಕೆಡದೆ ಉಳಿಯಿತು, ಆದ್ದರಿಂದ ಮೇಲು. ಬಡವರನ್ನು ಹೊಗಳುವಾಗ ನಾವು ಇವತ್ತಿಗೂ ಬಳಸುವ ಭಾಷೆ ಇದೇ ಅಲ್ಲವೇ? ಎಷ್ಟು ಕಷ್ಟಸಹಿಷ್ಣುಗಳು, ಏನು ತಾಳ್ಮೆ, ಇದ್ದುದರಲ್ಲೇ ತೃಪ್ತಿ. ರಾಗಿಗೆ ರಾಮನ ಹೆಸರು ಸಿಕ್ಕಿತು. ಸೆರೆಮನೆ ಯಾಕೆ ಬೇಕಿತ್ತು ಎಂದು ಯಾರೂ ಕೇಳಲಿಲ್ಲ. ನನ್ನ ಹಳೇ ಲೇಖನವೂ ಮಾಡಿದ್ದು ಅದನ್ನೇ. ಹಗೇವು ಎಷ್ಟು ಚೆನ್ನಾಗಿ ಕಾಯುತ್ತಿತ್ತು ಎಂದು ಬರೆದೆ, ಯಾರ ಪರವಾಗಿ ಕಾಯುತ್ತಿತ್ತು ಎಂಬುದನ್ನು ಬಿಟ್ಟೆ.

ಇಲ್ಲಿ ಪುರಾತತ್ತ್ವದ ಒಂದು ಪ್ರಸಂಗ ಹೇಳಬೇಕು. ಇಂಗ್ಲೆಂಡಿನಲ್ಲಿ ಕಬ್ಬಿಣಯುಗದ ನೆಲೆಗಳನ್ನು ಅಗೆದಾಗ ಸಿಗುತ್ತಿದ್ದ ಗುಂಡಿಗಳನ್ನು ಬಹಳ ಕಾಲ ವಿದ್ವಾಂಸರು ಅಂದಿನ ಜನರ ವಾಸದ ಮನೆಗಳೆಂದೇ ನಂಬಿದ್ದರು. ನಮ್ಮ ಹಿಂದಿನವರು ಬಿಲದಲ್ಲಿ ಬದುಕುತ್ತಿದ್ದರು ಪಾಪ, ಎಂದು. ಜರ್ಮನಿಯಿಂದ ಬಂದ ಗೆರ್ಹಾರ್ಡ್ ಬೆರ್ಸು 1938-39ರಲ್ಲಿ ಲಿಟಲ್ ವುಡ್‌ಬರಿ ಎಂಬಲ್ಲಿ ಅಗೆದು, ಗುಂಡಿಗಳು ಧಾನ್ಯದವು, ಮನುಷ್ಯರು ವಾಸವಿದ್ದದ್ದು ನೆಲದ ಮೇಲಿನ ದೊಡ್ಡ ಮರದ ಮನೆಯಲ್ಲಿ ಎಂದು ತೋರಿಸಿದರು. ಓದಿದಾಗ ನಗು ಬಂತು. ಆಮೇಲೆ ಯೋಚಿಸಿದರೆ ನಮ್ಮ ತಪ್ಪು ಅದರ ತಿರುವುಮುರುವು. ಅವರು ಕಣಜ ನೋಡಿ ಬಡವರ ಮನೆ ಅಂದುಕೊಂಡರು. ನಾವು ಉಳ್ಳವರ ಕಣಜ ನೋಡಿ ಊರಿಗೆ ಊರೇ ಹೊಟ್ಟೆ ತುಂಬಿಸಿಕೊಂಡಿತ್ತು ಅಂದುಕೊಳ್ಳುತ್ತೇವೆ.

ಊರಿಗೆ ಊರೇ ಹೊಟ್ಟೆ ತುಂಬಿಸಿಕೊಂಡಿರಲಿಲ್ಲ ಎಂಬುದಕ್ಕೆ ಈ ಸೀಮೆಯಲ್ಲೇ ಸಾಕ್ಷಿಯಿದೆ, ಅದೂ ಸಾಹಿತ್ಯದಲ್ಲಿ. ಇದೇ ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ 1948ರಲ್ಲಿ ಹುಟ್ಟಿದ ದೇವನೂರ ಮಹಾದೇವರ ‘ಒಡಲಾಳ’. ಸಾಕವ್ವನ ಮನೆ. ಅವಳ ಕಳೆದುಹೋದ ಹುಂಜ. ಸಾಹುಕಾರನ ಕಡೆಯಿಂದ ಕದ್ದು ತಂದ ಕಡಲೆಕಾಯಿ ಮೂಟೆ. ಇಡೀ ಮನೆಯವರು ಬೆಂಕಿಯ ಸುತ್ತ ಕುಳಿತು ರಾತ್ರಿಯೆಲ್ಲ ತಿನ್ನುತ್ತಾರೆ, ಸಿಪ್ಪೆಯನ್ನು ಅದೇ ಬೆಂಕಿಗೆ ಹಾಕುತ್ತಾರೆ. ಬೆಳಗಾದ ಮೇಲೆ ಪೊಲೀಸರು ಬಂದು ಮನೆಯನ್ನು ಜಾಲಾಡುತ್ತಾರೆ.

ಕನ್ನಡದಲ್ಲಿ ತಿನ್ನುವುದನ್ನು ಇಷ್ಟು ತುಂಬಿಕೊಂಡು ಬರೆದ ಇನ್ನೊಂದು ದೃಶ್ಯ ನನಗೆ ಗೊತ್ತಿಲ್ಲ. ಅದನ್ನು ಹಸಿವಿನ ಚಿತ್ರ ಎಂದು ಕರೆದು ಮುಂದೆ ಹೋಗುವುದು ಸುಲಭ. ಆದರೆ ಹಗೇವಿನ ಬಾಯಿಯಲ್ಲಿ ನಿಂತು ಓದಿದರೆ ಅದು ಬೇರೆಯೇ ಆಗಿ ತೋರುತ್ತದೆ. ಆ ಮೂಟೆಯನ್ನು ಬಚ್ಚಿಟ್ಟು ದಿನಕ್ಕೊಂದಿಷ್ಟು ಎಂದು ತಿನ್ನಬಹುದಿತ್ತು. ಹಾಗೆ ಮಾಡಿದರೆ ಸಿಕ್ಕಿಬೀಳುತ್ತಾರೆ. ಕೂಡಿಡುವುದು ಎಂದರೆ ಅವರಿಗೆ ಅಪರಾಧದ ಸಾಕ್ಷಿ ಇಟ್ಟುಕೊಂಡ ಹಾಗೆ. ಕಾನೂನು ಕೈಹಾಕಿ ನೋಡಲಾಗದ ಉಗ್ರಾಣ ಆ ಮನೆಯಲ್ಲಿ ಒಂದೇ ಒಂದು, ಅದು ಹೊಟ್ಟೆ. ಕೃತಿಯ ಹೆಸರನ್ನು ಇನ್ನೊಂದು ಸಲ ಹೇಳಿಕೊಂಡು ನೋಡಿ. ಒಡಲಿನ ಆಳ. ನಾನು ಎಷ್ಟೋ ವರ್ಷ ಅದನ್ನು ಮನಸ್ಸಿನ ಆಳ, ತಾಯ ಮಡಿಲಿನ ಆಳ ಎಂದೆಲ್ಲ ಓದಿಕೊಂಡಿದ್ದೆ. ಅದೂ ಇದೆ. ಆದರೆ ಮೊದಲು ಅದು ಒಂದು ಅಳತೆ. ಎಷ್ಟು ಹಿಡಿಯುತ್ತದೆ, ಒಂದು ರಾತ್ರಿಗೆ?

ಹೀಗಾಗಿ ಈ ಎರಡು ಕೃತಿಗಳು ನನಗೆ ಎದುರುಬದುರಾಗಿ ನಿಂತ ಹಾಗೆ ಕಾಣುತ್ತವೆ. ಕನಕದಾಸರಲ್ಲಿ ಕಾಳು ಕಾಯುತ್ತದೆ, ಕಾದದ್ದಕ್ಕೆ ಗೌರವ ಪಡೆಯುತ್ತದೆ. ಸಾಕವ್ವನ ಮನೆಯವರು ಕಾಯುವುದಿಲ್ಲ. ನಾಳೆ ಎಂಬುದನ್ನು ಅವರಿಗೆ ಯಾರೂ ಕೊಟ್ಟಿಲ್ಲ, ಇವತ್ತನ್ನು ಪೂರ್ತಿಯಾಗಿ ತಿಂದುಬಿಡುತ್ತಾರೆ, ನಗುತ್ತಾ ಬೈದಾಡುತ್ತಾ. ಅಲ್ಲಿರುವುದು ಸಹನೆಯಲ್ಲ, ಸಂಭ್ರಮ. ತಾಳ್ಮೆಯನ್ನು ಬಡವರ ಗುಣವೆಂದು ಹೊಗಳುವ ನಮ್ಮ ಅಭ್ಯಾಸಕ್ಕೆ ಇಷ್ಟು ಖಡಕ್ಕಾದ ಉತ್ತರ ಇನ್ನೊಂದಿಲ್ಲ. ನಾನು ರಾಗಿಯ ಪಕ್ಷವೋ ಕಡಲೆಕಾಯಿಯ ಪಕ್ಷವೋ ಎಂದು ಕೇಳಿದರೆ, ಈಗೀಗ ಕಡಲೆಕಾಯಿಯ ಕಡೆಗೇ ವಾಲುತ್ತೇನೆ.

ಕಾಯುವ ಶಕ್ತಿ ಎಲ್ಲರಿಗೂ ಒಂದೇ ಸಮ ಇರುವುದಿಲ್ಲ. ಹಗೇವು ಕೊಡುತ್ತಿದ್ದದ್ದು ಆ ಶಕ್ತಿಯನ್ನೇ. ಸುಗ್ಗಿಯಲ್ಲಿ ಬೆಲೆ ಬಿದ್ದಾಗ ಮಾರದೆ ಕೂತಿರುವ ಶಕ್ತಿ, ಆಷಾಢದಲ್ಲಿ ಕೂಲಿಯವನು ಸೇರು ರಾಗಿಗೆ ಬಂದಾಗ ಇಲ್ಲವೆನ್ನುವ ಅಥವಾ ಕೊಟ್ಟು ಮುಂದಿನ ದುಡಿಮೆಯನ್ನು ಬರೆದುಕೊಳ್ಳುವ ಶಕ್ತಿ. 1876ರ ಧಾತು ಸಂವತ್ಸರದಲ್ಲಿ ಶುರುವಾದ ಬರವನ್ನು ನೆನೆಯಿರಿ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷ ಮುಟ್ಟಲಿಲ್ಲ. ಹಗೇವುಗಳ ನಾಡು ಇದು, ಆಗಲೂ. ಹಗೇವು ಇದ್ದವರು ಬರದಲ್ಲಿ ಊರಿಗೆ ರಾಗಿ ಹಂಚಿದ ಕಥೆಗಳೂ ಮನೆಮನೆಯಲ್ಲಿ ಇವೆ, ಅವನ್ನು ನಾನು ಅನುಮಾನಿಸುವುದಿಲ್ಲ. ಹಂಚುವುದಕ್ಕೂ ಮೊದಲು ಒಬ್ಬರ ಬಳಿಯೇ ಇರಬೇಕಾಗುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನು ಇಳಿಯುವ ವಿಷಯ. ನಾನು ಮೇಲೆ ಹೊಗಳಿದ ಆ ಗಾಳಿಯಿಲ್ಲದ ಸ್ಥಿತಿ ಹುಳವನ್ನು ಕೊಲ್ಲುವಂತೆಯೇ ಮನುಷ್ಯರನ್ನೂ ಕೊಲ್ಲುತ್ತದೆ. ಆದ್ದರಿಂದ ಚಪ್ಪಡಿ ಸರಿಸಿ ಸಾಕಷ್ಟು ಹೊತ್ತು ಬಿಡಬೇಕು. ಆಮೇಲೆ ದೀಪವೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ನೋಡುತ್ತಾರೆ. ಆರಿದರೆ ಇಳಿಯುವಂತಿಲ್ಲ. ಉರಿದರೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬ ಇಳಿಯುತ್ತಾನೆ, ಮೇಲಿನವರು ಮಾತಾಡಿಸುತ್ತಲೇ ಇರುತ್ತಾರೆ. ಅವನ ದನಿ ನಿಂತರೆ ಎಳೆಯಬೇಕು. ಆ ಹಿರಿಯರು ಹೇಳಿದ್ದು: ‘ನಮ್ಮಪ್ಪ ಒಳುಗಿದ್ದಾಗ ನಾವು ಮೇಲ್ಗಡೆ ಅಪ್ಪಾ ಅಪ್ಪಾ ಅಂತ ಕೂಗ್ತಾನೆ ಇರ್ಬೇಕಾಗಿತ್ತು. ಉಳಿದ ದಿನ ಆ ಜಗಲಿ ಹತ್ರಕ್ಕೂ ಹೋಗಂಗಿರ್ನಿಲ್ಲ.’ ಜಗಲಿಗೆ ಹತ್ತಿಸದವನನ್ನು ಕಣಜದೊಳಕ್ಕೆ ಇಳಿಸುತ್ತಿದ್ದರು. ತಿನ್ನುವ ಕಾಳನ್ನು ಅವನ ಕಾಲು ತುಳಿಯುತ್ತಿತ್ತು, ಅದನ್ನು ಯಾರೂ ಮೈಲಿಗೆ ಎನ್ನುತ್ತಿರಲಿಲ್ಲ. ಮೇಲಕ್ಕೆ ಬಂದ ಮೇಲೆ ಮೈಲಿಗೆ ಶುರುವಾಗುತ್ತಿತ್ತು. ಅಸ್ಪೃಶ್ಯತೆಯ ಬಗ್ಗೆ ನಾನು ಓದಿದ ಎಷ್ಟೋ ಪುಸ್ತಕಗಳಿಗಿಂತ ಈ ಒಂದು ವಿವರ ನನ್ನನ್ನು ಹೆಚ್ಚು ಕಾಡಿದೆ.

ಹಗೇವು ಖಾಲಿಯಾದದ್ದಕ್ಕೆ ಕಾರಣಗಳು ಬಹಳ. 1974ರ ಭೂಸುಧಾರಣೆ, 1976ರ ಜೀತಪದ್ಧತಿ ರದ್ದತಿ ಕಾನೂನು, ಗೋಣಿಚೀಲ, ಲಾರಿ, ನ್ಯಾಯಬೆಲೆ ಅಂಗಡಿ. ಈ ಭಾಗದಲ್ಲಿ ನೀರಿನದೂ ಪಾತ್ರವಿದೆ. ಹುಲ್ಲಹಳ್ಳಿ, ಮಾಧವಮಂತ್ರಿ ಅಣೆಕಟ್ಟುಗಳ ಹಳೇ ನಾಲೆಗಳ ಜೊತೆಗೆ ಕಬಿನಿಯ ನಾಲೆಗಳು ಬಂದ ಮೇಲೆ ಹೊಲ ಗದ್ದೆಯಾಯಿತು, ರಾಗಿ ಹೋಗಿ ಭತ್ತ ಬಂತು. ನಾಲೆಯ ತೇವ ನೆಲದೊಳಗೆ ಹರಡಿದ ಕಡೆ ಹಗೇವು ಹಗೇವಾಗಿ ಉಳಿಯುವುದಿಲ್ಲ, ಕಾಳು ಮುಗ್ಗುತ್ತದೆ. ಕನಕದಾಸರ ಸ್ಪರ್ಧೆ ಇಲ್ಲಿ ಮತ್ತೊಮ್ಮೆ ನಡೆದು ಈ ಸಲ ಭತ್ತ ಗೆದ್ದಿತು ಎನ್ನಬಹುದು. ಈಗ ರಾಗಿ ‘ಸಿರಿಧಾನ್ಯ’ದ ಸಾಲಿನಲ್ಲಿ ನಿಂತು, ಪಟ್ಟಣದ ಅಂಗಡಿಯಲ್ಲಿ ಅಕ್ಕಿಗಿಂತ ಜಂಬದಿಂದ ಕೂತಿದೆ. ಅದು ಬೇರೆ ಕಥೆ.

ಹಗೇವುಗಳನ್ನು ಉಳಿಸಬೇಕೇ? ಸ್ಪೇನಿನ ವೆಲೆನ್ಸಿಯಾ ಹತ್ತಿರದ ಬುರ್ಹಾಸೋತ್‌ನಲ್ಲಿ ನೆಲದೊಳಗಿನ 41 ಧಾನ್ಯದ ಕಣಜಗಳನ್ನು ಸ್ಮಾರಕವಾಗಿ ಕಾಪಾಡಿದ್ದಾರೆ. ಅದು ನಗರವೇ ಕಟ್ಟಿಸಿದ್ದು, ಮೇಲೆ ಕಲ್ಲು ಹಾಸಿದ ಅಂಗಳವಿದೆ, ಜನ ಹೋಗಿ ನಿಲ್ಲಬಹುದು. ನಮ್ಮಲ್ಲಿ ತಲಕಾಡಿನ ಮರಳಿನಿಂದ ಗುಡಿಗಳನ್ನು ಬಗೆದು ತೆಗೆಯುವುದು ಪುಣ್ಯದ ಕೆಲಸ, ಪಂಚಲಿಂಗ ದರ್ಶನಕ್ಕೆ ಲಕ್ಷಾಂತರ ಜನ ಸೇರುತ್ತಾರೆ. ಬೀದಿಯ ಗುಂಡಿಗೆ ಕಸ ತುಂಬುತ್ತೇವೆ. ಉಳಿಸಬೇಕು ಎಂದೇ ನನ್ನ ಅಭಿಪ್ರಾಯ, ಒಂದೆರಡು ಊರಿನಲ್ಲಾದರೂ. ಆದರೆ ಪಕ್ಕದಲ್ಲಿ ನೆಡುವ ಬೋರ್ಡಿನಲ್ಲಿ ನನ್ನ ಹಳೇ ಲೇಖನದಂಥ ಒಕ್ಕಣೆ ಇರುವುದಾದರೆ ಬೇಡ. ಆಳ ಎಷ್ಟು, ಎಷ್ಟು ಖಂಡುಗ ಹಿಡಿಯುತ್ತಿತ್ತು ಎಂದು ಬರೆಯುವವರು ಇಳಿಯುತ್ತಿದ್ದವರು ಯಾರು ಎಂದೂ ಬರೆಯಬೇಕು. ಮೇಲೆ ನಿಂತು ಅಪ್ಪಾ ಎಂದು ಕೂಗುತ್ತಿದ್ದ ಮಕ್ಕಳ ವಿಷಯವೂ ಅಲ್ಲಿರಬೇಕು.

ಈ ಸಲ ಹೋದಾಗ ಆ ಹಿರಿಯರೇ ಜೊತೆಗೆ ಬಂದರು. ಚಪ್ಪಡಿಯ ಸುತ್ತ ಸಿಮೆಂಟು ಬಂದಿದೆ, ಬೀದಿಗೆ ಕಾಂಕ್ರೀಟು ಹಾಕಿದಾಗ ಕಲ್ಲನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ. ಒಳಗೆ ಏನು ತುಂಬಿದ್ದಾರೆ ಎಂದು ಕೇಳಿದೆ. ಹಳೇ ಮನೆ ಕೆಡವಿದ ಮಣ್ಣು ಒಂದಿಷ್ಟು ಹಾಕಿದ್ದರಂತೆ, ತುಂಬಲೇ ಇಲ್ಲವಂತೆ. ಮೊಪೆಡ್ಡಿನ ಹುಡುಗ ಬಂದಾಗ ಅವರು ಅವನಿಗೆ ಗದರಿದರು: ‘ಎಷ್ಟು ಸಲ ಹೇಳ್ಬೇಕ್ಲಾ, ಅದುರ್ ಮ್ಯಾಲ ಗಾಡಿ ನಿಲ್ಲುಸ್ಬ್ಯಾಡ ಅಂತ. ಕೆಳಗ ಇನ್ನೂ ಪೊಳ್ಳದ.’